ನನ್ನಿಂದಾಯ್ತು

“ಅಪ್ಪಾ, ನಿಮ್ಮ ಕಡೆ ಸ್ವಲ್ಪ ಎತ್ತಿ. ಈ ಕನ್ನಡಿ ಬೆಳಗಿಂದ ನನ್ನ ಹೊಟ್ಟೆಯನ್ನೇ ನೋಡ್ತಾ ಇದೆ. ಪಾಪ, ಅದಕ್ಕೂ ಒಂದು ಒಳ್ಳೆ ಮುಖ ನೋಡೋ ಆಸೆ ಇರಲ್ವಾ?”

“ಒಳ್ಳೆ ಮುಖ ಬೇಕಾದ್ರೆ ನನ್ನ ಕಡೆ ತಿರುಗಿಸೋ. ಈಗ ಬಾಯಿ ಮುಚ್ಕೊಂಡು ಹೆಜ್ಜೆ ನೋಡು.”

ಹೀಗೆ ಬೈದುಕೊಂಡೇ ಅಪ್ಪ ಮಗ ಆಳೆತ್ತರದ ಕನ್ನಡಿಯನ್ನು ಅಂಗಡಿಯಿಂದ ಹೊರಗೆ ತಂದರು. ಅಂಗಡಿ ಎಂದರೆ ಉದ್ದನೆಯ, ಇಕ್ಕಟ್ಟಾದ ಒಂದು ಕೋಣೆ. ಎರಡೂ ಗೋಡೆಗೆ ಮರದ ಚೌಕಟ್ಟು, ಅದರ ತುಂಬ ಸಾಲಾಗಿ ನಿಂತ ಗಾಜು. ನಡುವೆ ಹಳೆಯ ಕಂಬಳಿ ಹೊದಿಸಿದ ಮೇಜು. ಗಾಜು ಕತ್ತರಿಸುವ ಪುಟ್ಟ ಗಾಲಿಯನ್ನು ಅದ್ದಿಡುವ ಸೀಮೆಎಣ್ಣೆಯ ವಾಸನೆ ಅಲ್ಲಿನ ಗೋಡೆಗೂ ಹತ್ತಿತ್ತು, ಮನುಷ್ಯರಿಗೂ ಹತ್ತಿತ್ತು. ಬೀದಿಯವರು ಅಪ್ಪನನ್ನು ಗಾಜಿನಜ್ಜ ಎನ್ನುತ್ತಿದ್ದರು. ಮಗನನ್ನು ರೇಡಿಯೋ ಎನ್ನುತ್ತಿದ್ದರು. ಗಿರಾಕಿ ಬಂದರೂ ಮಾತು, ಬರದಿದ್ದರೂ ಮಾತು. ಅವನ ಹೆಂಡತಿ ಬಾಗಿಲ ಬಳಿ ಕೂತು ಗಾಜಿನ ಅಂಚು ಉಜ್ಜುತ್ತ, “ರಾತ್ರಿ ನಿದ್ದೆಲೂ ನಿಲ್ಲಲ್ಲ ಮಾವ, ಇದರ ಗುಂಡಿ ಎಲ್ಲಿದೆ ಅಂತ ಮದುವೆಗೆ ಮುಂಚೆ ನೀವು ಹೇಳ್ಲೇ ಇಲ್ಲ,” ಎಂದು ದೂರುತ್ತಿದ್ದಳು.

ಆ ಅಂಗಡಿಯಲ್ಲಿ ಗಾಜಿನಜ್ಜ ಹಾಕಿಕೊಂಡಿದ್ದ ಕಟ್ಟುಪಾಡು ಎರಡೇ. ಇಬ್ಬರು ಗಾಜು ಹೊತ್ತಾಗ ಒಬ್ಬನಿಗೆ ನಿಲ್ಲಬೇಕು ಅನ್ನಿಸಿದರೆ ಕೂಗಬಾರದು. ಕೂಗಿದರೆ ಎದುರಿನವನು ಬೆಚ್ಚುತ್ತಾನೆ. ಅಂಗೈಯನ್ನು ಗಾಜಿನ ಮೇಲೆ ಮೆಲ್ಲಗೆ ಒತ್ತಬೇಕು. ಆ ಒತ್ತು ಇನ್ನೊಂದು ತುದಿಗೆ ತಿಳಿಯುತ್ತದೆ. ಎರಡನೆಯದು, ಏನಾದರೂ ಒಡೆದರೆ ಯಾರಿಂದ ಎಂಬ ಜಗಳಕ್ಕೆ ನಿಲ್ಲದೆ, ಮೊದಲು ಬಾಯಿ ತೆರೆದವನು “ನನ್ನಿಂದಾಯ್ತು” ಎಂದುಬಿಡಬೇಕು. ಅಜ್ಜ ಚಿಕ್ಕ ವಯಸ್ಸಿನಲ್ಲಿ ಬೇರೆಯವರ ಅಂಗಡಿಯಲ್ಲಿದ್ದಾಗ ಒಡೆದ ಗಾಜಿನ ಚೂರು ಕೈಯಲ್ಲೇ ಇರುವಾಗ ಇಬ್ಬರು ಕೆಲಸಗಾರರು ನೀನು, ನೀನು ಎಂದು ಜಗಳಕ್ಕೆ ಬಿದ್ದು, ಒಬ್ಬನ ಹೆಬ್ಬೆರಳಿನ ನರ ಹೋಗಿತ್ತು. ಆ ಬೆರಳು ಅಜ್ಜನ ಕಣ್ಣಿಗೆ ಕಟ್ಟಿದ ಹಾಗಿತ್ತು. ತಪ್ಪು ಹೊತ್ತುಕೊಂಡರೆ ಕೈ ಉಳಿಯುತ್ತದೆ ಎಂದು ಮಗನಿಗೆ ತೊದಲುವ ವಯಸ್ಸಿನಲ್ಲೇ ಕಲಿಸಿದ್ದ. ರೇಡಿಯೋ ಅದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಬೆಕ್ಕು ಬಟ್ಟಲು ಉರುಳಿಸಿದರೂ “ನನ್ನಿಂದಾಯ್ತು” ಎನ್ನುತ್ತಿದ್ದ. ಪಕ್ಕದ ಮನೆಯಲ್ಲಿ ತಟ್ಟೆ ಬಿದ್ದರೂ ಕಿಟಕಿಯಲ್ಲಿ ತಲೆ ಹಾಕಿ, “ಅಕ್ಕಾ, ನನ್ನಿಂದಾಯ್ತು!” ಎಂದು ನಗಿಸುತ್ತಿದ್ದ.

ಆ ದಿನ ಅವರು ಹೋದದ್ದು ಬಟ್ಟೆ ಅಂಗಡಿಯೊಂದಕ್ಕೆ. ಕನ್ನಡಿ ಕೂತಿತು. ಆದರೆ ಜೊತೆಗೆ ತಂದಿದ್ದ ಮುಂಬಾಗಿಲಿನ ಗಾಜಿಗೆ ಬಡಗಿ ಚೌಕಟ್ಟಿನ ಅಳತೆ ತಪ್ಪಿಸಿದ್ದ. ಆ ಗಾಜನ್ನು ಮತ್ತೆ ವ್ಯಾನಿಗೆ ಹಾಕಿಕೊಂಡು ಸಂಜೆ ಹೊರಟರು. ಓಡಿಸುತ್ತಿದ್ದವನು ರೇಡಿಯೋ. ಸೇತುವೆ ದಾಟಿ ತಿರುವಿನಲ್ಲಿ ಬರುವಾಗ ಹಿಂದಿನಿಂದ ‘ಧಡ್’ ಎಂದು ಸದ್ದಾಯಿತು.

“ಅಪ್ಪಾ, ಗಾಜು ಜರುಗಿತೇನೋ. ಇಳಿದು ನೋಡ್ಲಾ?”

“ಮನೆಗೆ ಹೋಗಿ ನೋಡೋಣ ನಡಿ. ಇಲ್ಲಿ ನಿಲ್ಲಿಸಿದ್ರೆ ಹಿಂದಿನವರು ಕಿವಿ ಹರಿಯೋ ಹಾಗೆ ಹಾರನ್ ಹೊಡೀತಾರೆ.”

ಮುಂದಿನ ವೃತ್ತದಲ್ಲಿ ಪೊಲೀಸರು ವ್ಯಾನುಗಳನ್ನೆಲ್ಲ ನಿಲ್ಲಿಸುತ್ತಿದ್ದರು. ಕಿಟಕಿಯ ಬಳಿ ಬಂದ ಅಧಿಕಾರಿಗೆ ನಡು ವಯಸ್ಸು, ದಣಿದ ಮುಖ. ಅಂಗಿಯ ತೋಳಿನ ಮೇಲೆ ಒಣಗುತ್ತಿರುವ ರಕ್ತದ ಕಲೆ.

“ಲೈಸೆನ್ಸ್. ಗಾಡಿ ಕಾಗದ.”

ರೇಡಿಯೋ ಎರಡನ್ನೂ ಕೊಟ್ಟ.

“ಯಾವ ಕಡೆಯಿಂದ ಬಂದ್ರಿ?”

ಮಗ ಒಂದು ಕ್ಷಣ ಅಪ್ಪನ ಮುಖ ನೋಡಿದ. ಅಷ್ಟು ಮಾತಾಡುವವನಿಗೂ ಆ ಕಲೆ ಕಂಡು ನಾಲಿಗೆ ಹಿಂದೆಗೆದಿತ್ತೇನೋ. ಗಾಜಿನಜ್ಜನೇ ಅವನ ಭುಜ ತಟ್ಟಿ, “ಹೇಳೋ ಮಗಾ. ಸಾಹೇಬ್ರ ಹತ್ರ ಏನು ಮುಚ್ಚುಮರೆ? ಇದ್ದದ್ದು ಇದ್ದ ಹಾಗೆ ಹೇಳು,” ಎಂದ.

ಅಪ್ಪನೇ ಹೇಳಿದ ಮೇಲೆ ರೇಡಿಯೋಗೆ ತಡೆ ಎಲ್ಲಿಯದು? ಸೇತುವೆ ಮೇಲಿಂದ ಬಂದೆವು ಎಂದ. ಎಷ್ಟು ವೇಗವಾಗಿ ಎಂದರೆ, ಸ್ವಲ್ಪ ಜೋರಾಗೇ ಇತ್ತೇನೋ, ಮನೆ ಸೇರುವ ಆತುರ ಎಂದ. ದಾರಿಯಲ್ಲಿ ಏನಾದರೂ ತಗಲಿತೇ ಎಂದು ಕೇಳಿದಾಗ, ತಿರುವಿನಲ್ಲಿ ಧಡ್ ಅಂತ ಸದ್ದಾಯಿತು ಎಂದ.

“ಇಳಿದು ನೋಡಿದ್ರಾ?”

“ಇಲ್ಲ ಸರ್. ಗಾಜಿನ ಸದ್ದು ಅಂದ್ಕೊಂಡೆ.”

“ಅಂದ್ಕೊಂಡೆ ಅಂದ್ರೆ? ಖಚಿತವಾಗಿ ಗೊತ್ತಾ?”

“ಖಚಿತ ಅಂದ್ರೆ... ಹೇಗೆ ಹೇಳ್ಲಿ ಸರ್.”

ಅಧಿಕಾರಿ ತನ್ನ ತೋಳನ್ನು ಮುಂದೆ ಹಿಡಿದ. ದನಿ ನಡುಗುತ್ತಿತ್ತು. “ಇದು ಯಾರ ರಕ್ತ ಗೊತ್ತಾ? ಬಟ್ಟೆ ಹೊಲಿಯೋ ಹೆಂಗಸು. ಸೈಕಲ್ಲಲ್ಲಿ ಮನೆಗೆ ಹೋಗ್ತಿದ್ಳು. ಅದೇ ತಿರುವಲ್ಲಿ ಯಾವನೋ ಗುದ್ದಿ ಹೋಗಿದಾನೆ. ನಾನೇ ಎತ್ತಿ ಆಸ್ಪತ್ರೆಗೆ ಕಳಿಸಿದ್ದು. ಉಳೀತಾಳೋ ಇಲ್ವೋ.”

ಆ ಹೆಂಗಸನ್ನು ನೆನೆದು ರೇಡಿಯೋನ ಕಣ್ಣಲ್ಲಿ ನೀರು ಬಂತು. ಎದುರಿಗೆ ಒಬ್ಬ ನೊಂದ ಮನುಷ್ಯ ನಿಂತಿದ್ದಾನೆ, ಎಲ್ಲೋ ಏನೋ ಒಡೆದಿದೆ. ತೊದಲುವ ವಯಸ್ಸಿನಲ್ಲಿ ಕಲಿತದ್ದು ತಾನಾಗಿಯೇ ಬಾಯಿಗೆ ಬಂತು.

“ತಪ್ಪಾಯ್ತು ಸರ್. ನನ್ನಿಂದಾಯ್ತು.”

ಅಜ್ಜನಿಗೆ ಆಗಲೂ ಎದೆ ಝಲ್ಲೆನ್ನಲಿಲ್ಲ. ಒಳ್ಳೆಯ ಮಗ, ಎಷ್ಟು ವಿನಯ ಎಂದುಕೊಂಡ. ವ್ಯಾನಿನ ಬಾಗಿಲು ತೆಗೆಸಿ ಮಗನನ್ನು ಕೆಳಗಿಳಿಸಿದಾಗಲೇ ಅವನು ವ್ಯಾನಿನ ಹಿಂಬದಿಗೆ ಓಡಿದ್ದು. ಹಿಂದೆ, ಗಾಜು ಕಂಬಳಿಯ ಪಟ್ಟಿಯಿಂದ ಜಾರಿ ಒಂದು ಮೂಲೆ ಸೀಳಿತ್ತು. “ನೋಡಿ ಸಾಹೇಬ್ರೇ, ಇದೇ ಸದ್ದು, ಇದೇ!” ಎಂದು ಅವನು ಎಷ್ಟು ಕೂಗಿದರೂ ಯಾರೂ ತಿರುಗಿ ನೋಡಲಿಲ್ಲ.

ಆ ಹೆಂಗಸು ಉಳಿಯಲಿಲ್ಲ.

ಮೊಕದ್ದಮೆಗೆ ಬಂದ ವಕೀಲೆ ಸೊಸೆಯ ವಯಸ್ಸಿನವಳು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು, ಬಹಳ ಹೊತ್ತು ಕಣ್ಣುಜ್ಜಿಕೊಂಡಳು.

“ಅಜ್ಜಾ, ಗಾಡಿ ನಿಲ್ಲಿಸಬೇಕು, ನಿಲ್ಲಿಸಿದ್ರಿ. ಲೈಸೆನ್ಸು, ಕಾಗದ ಕೊಡಬೇಕು, ಕೊಟ್ರಿ. ಅಲ್ಲಿಗೆ ಸಾಕಿತ್ತು. ಮಿಕ್ಕ ಪ್ರಶ್ನೆಗೆ, ವಕೀಲರನ್ನ ಕೇಳಿ ಹೇಳ್ತೀನಿ ಸರ್, ಅಂತ ಮರ್ಯಾದೆಯಿಂದ ಅಂದು ಸುಮ್ನಿರಬಹುದಿತ್ತು. ಆ ಹಕ್ಕು ನಿಮ್ಮ ಮಗನಿಗಿತ್ತು.”

“ಸುಮ್ನಿದ್ರೆ ಕಳ್ಳ ಅಂದ್ಕೊಳ್ಳಲ್ವೇನಮ್ಮಾ?”

“ಅಂದ್ಕೊಳ್ಳಲಿ. ಅವರು ಅಂದ್ಕೊಂಡಿದ್ದಕ್ಕೆ ಶಿಕ್ಷೆ ಕೊಡೋಕಾಗಲ್ಲ. ನಾವು ಹೇಳಿದ್ದಕ್ಕೆ ಕೊಡಬಹುದು.”

“ತಪ್ಪು ಮಾಡದವನು ಯಾಕಮ್ಮಾ ಬಾಯಿ ಮುಚ್ಕೋಬೇಕು?”

ಅದಕ್ಕೆ ಉತ್ತರ ನ್ಯಾಯಾಲಯದಲ್ಲಿ ಸಿಕ್ಕಿತು. ಸೀಳಿದ ಗಾಜಿನ ಬಗ್ಗೆ ಅಜ್ಜ ಕಟಕಟೆಯಲ್ಲಿ ನಿಂತು ಹೇಳಿದ. ಹೆಂಗಸಿಗೆ ಗುದ್ದಿದ ಪೆಟ್ಟಿಗೇ ಗಾಜು ಸೀಳಿರಬಹುದು ಎಂದರು ಸರ್ಕಾರಿ ವಕೀಲರು. ಮಗ ‘ನನ್ನಿಂದಾಯ್ತು’ ಎಂದದ್ದು ಅಂಗಡಿಯ ರೂಢಿ ಎಂದ. ಅಪ್ಪ ಮಗನನ್ನು ಬಿಟ್ಟುಕೊಟ್ಟಾನೆಯೇ ಎಂದರು. ಆ ಅಧಿಕಾರಿಯೂ ಸುಳ್ಳು ಹೇಳಲಿಲ್ಲ, ಕೇಳಿದ್ದನ್ನೇ ಹೇಳಿದ. ರೇಡಿಯೋಗೆ ಶಿಕ್ಷೆಯಾಯಿತು.

ಅಂಗಡಿಯಲ್ಲಿ ಗಾಜು ಹೊರಲು ಈಗ ಸೊಸೆ ಬಂದಳು. ವ್ಯಾನು ಓಡಿಸುವುದನ್ನೂ ಅವಳೇ ಕಲಿತಳು. ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಒಮ್ಮೆ ಮಾತ್ರ, ಅಂಚು ಉಜ್ಜುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: “ಅವತ್ತು ಅವರು ಬಾಯಿ ತೆರೆಯೋಕೆ ಹಿಂದೆಮುಂದೆ ನೋಡಿದ್ರಂತೆ ಮಾವ. ಹೌದಾ?”

ಗಾಜಿನಜ್ಜ ಕತ್ತರಿಸುವ ಗಾಲಿಯನ್ನು ಸೀಮೆಎಣ್ಣೆಗೆ ಅದ್ದಿದ. ಮತ್ತೆ ಅದ್ದಿದ. “ಹೌದಮ್ಮಾ,” ಎಂದ. ಅವಳು ಇನ್ನೇನೂ ಕೇಳದೆ ಉಜ್ಜತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಎರಡು ವರ್ಷದ ಮೇಲೆ ಲಾರಿ ಚಾಲಕನೊಬ್ಬ ತಾನಾಗಿ ಬಂದು ಒಪ್ಪಿಕೊಂಡ. ಮುರಿದ ದೀಪವನ್ನು ಬೇರೆ ಊರಲ್ಲಿ ರಿಪೇರಿ ಮಾಡಿಸಿದ್ದನಂತೆ. ಮಲಗಿದರೆ ಆ ಸೈಕಲ್ಲು ಕಣ್ಣಿಗೆ ಬರುತ್ತದಂತೆ. ರೇಡಿಯೋನನ್ನು ಬಿಟ್ಟರು.

ಬಂದವನು ರೇಡಿಯೋ ಆಗಿರಲಿಲ್ಲ. ಮೈ ಅದೇ, ಕೈಯಲ್ಲಿ ಗಾಜು ಹಿಡಿಯುವ ಹದವೂ ಅದೇ. ಆದರೆ ಮಾತು ಬಿಟ್ಟುಹೋಗಿತ್ತು. ಊಟ ಬಡಿಸಲೇ ಎಂದರೆ ತಲೆ ಆಡಿಸುವನು. ಹೆಂಡತಿ ಮೊದಮೊದಲು ಹಳೆಯ ತಮಾಷೆಗಳನ್ನೆಲ್ಲ ತಾನೇ ಹೇಳಿ ನಗಿಸಲು ನೋಡಿದಳು. “ಗುಂಡಿ ಎಲ್ಲಿದೆ ಅಂತ ಆಗ ಕೇಳಿದ್ದೆ. ಆರಿಸೋಕೆ ಕೇಳಿದ್ದಲ್ಲ ಮಾರಾಯ,” ಎಂದು ಒಂದು ದಿನ ಅವನ ಎದೆಯ ಮೇಲೆ ಬೆರಳಿಟ್ಟು, ಅಲ್ಲೇ ಅತ್ತುಬಿಟ್ಟಳು. ಪಕ್ಕದ ಮನೆಯಲ್ಲಿ ತಟ್ಟೆ ಬಿದ್ದಾಗ ಮಾತ್ರ ಅವನ ತುಟಿ ಅಲುಗುತ್ತಿತ್ತು. ಹತ್ತಿರ ಕೂತವರಿಗಷ್ಟೇ ಕೇಳುವ ಹಾಗೆ, “ನನ್ನಿಂದಾಯ್ತು,” ಎನ್ನುತ್ತಿದ್ದ. ಆಗ ಯಾರೂ ನಗುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮೂವರೂ ವ್ಯಾನಿನಲ್ಲಿ ಹೊರಟಿದ್ದರು. ಸೊಸೆ ಓಡಿಸುತ್ತಿದ್ದಳು, ನಡುವೆ ಮಗ, ಕಿಟಕಿಯ ಬಳಿ ಅಜ್ಜ. ಹಿಂದೆ ಹೊಸ ಗಾಜು. ಅದೇ ವೃತ್ತ. ಎಳೆಯ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಸೊಸೆ ಗಾಡಿಯನ್ನು ಪಕ್ಕಕ್ಕೆ ಹಾಕಿ ಕಾಗದಗಳನ್ನು ಹೊರಗೆ ಚಾಚಿದಳು.

ಪೊಲೀಸ ಬಾಯಿ ತೆರೆಯುವ ಮೊದಲೇ ಮಗ ಕೈ ಜೋಡಿಸಿದ. ಮೈ ಕುಗ್ಗಿಸಿ, “ತಪ್ಪಾಯ್ತು ಸರ್. ನನ್ನಿಂದಾಯ್ತು,” ಎಂದ.

“ಏನಾಯ್ತು ನಿನ್ನಿಂದ?” ಎಳೆಯವನ ಕಣ್ಣು ಚುರುಕಾಯಿತು. ಬಾಗಿ ಒಳಗೆ ನೋಡಿದ. “ಏನಯ್ಯಾ? ಏನು ಮಾಡಿದೀಯ, ಹೇಳು.”

ಗಾಜಿನಜ್ಜನ ನಾಲಿಗೆಯ ತುದಿಗೆ ಎಲ್ಲವೂ ಬಂತು. ಇವನಿಗೆ ಮನಸ್ಸು ಸರಿಯಿಲ್ಲ ಸಾಹೇಬ್ರೇ, ಮಾಡದ ತಪ್ಪಿಗೆ ಜೈಲು ಕಂಡು ಬಂದಿದಾನೆ, ಆ ಸೇತುವೆ, ಆ ತಿರುವು, ಆ ಸದ್ದು. ಬಿಡಿಸಿ ಹೇಳಿದರೆ ಯಾವ ಮನುಷ್ಯನೂ ಕರಗುತ್ತಾನೆ ಎಂಬ ನಂಬಿಕೆ ಆ ಮುದಿ ಎದೆಯಲ್ಲಿ ಇನ್ನೂ ಬದುಕಿತ್ತು. ಬಾಯಿ ಅರ್ಧ ತೆರೆದೂಬಿಟ್ಟಿತ್ತು. ಪಕ್ಕದಲ್ಲಿ ಮಗನ ತೊಡೆ ಗಡಗಡ ನಡುಗುತ್ತಿತ್ತು.

ಅಜ್ಜ ಬಾಯಿ ಮುಚ್ಚಿದ. ತನ್ನ ಅಂಗೈಯನ್ನು ಮಗನ ಮೊಣಕಾಲ ಮೇಲಿಟ್ಟು, ಗಾಜಿನ ಮೇಲೆ ಒತ್ತುವ ಹಾಗೆ, ಮೆಲ್ಲಗೆ ಒತ್ತಿದ. ಇನ್ನೇನೋ ಹೇಳಹೊರಟಿದ್ದ ಮಗ ನಿಂತ.

“ಕಾಗದ ಎಲ್ಲ ಕೊಟ್ಟಿದೀವಿ ಸಾಹೇಬ್ರೇ,” ಎಂದ ಅಜ್ಜ. “ಬೇರೆ ಏನು ಕೇಳೋದಿದ್ರೂ ನಮ್ಮ ವಕೀಲರ ಎದುರಿಗೆ ಕೇಳಿ. ನಾವು ಈಗ ಮಾತಾಡಲ್ಲ.”

“ಓಹೋ! ವಕೀಲರು ಬೇರೆ ಇದಾರಾ? ಏನೋ ಮುಚ್ಚಿಡ್ತಿದೀರ ಅಂತಾಯ್ತು.”

ಅಜ್ಜ ಸುಮ್ಮನಿದ್ದ.

“ಇಷ್ಟು ವಯಸ್ಸಾಗಿದೆ. ನಾಚಿಕೆ ಆಗಲ್ವೇನ್ರೀ?”

ನಾಚಿಕೆ ಆಗುತ್ತಿತ್ತು. ರಸ್ತೆಯಲ್ಲಿ ಹೋಗುವವರು ಕಳ್ಳರನ್ನು ನೋಡುವಂತೆ ನೋಡುತ್ತಿದ್ದರು. ಕಿವಿ ಬಿಸಿಯಾಗಿತ್ತು. ಅವನು ರಸ್ತೆಯನ್ನೇ ನೋಡುತ್ತ, ಅಂಗೈ ತೆಗೆಯದೆ ಕೂತ. ಸೊಸೆ ಸ್ಟಿಯರಿಂಗ್ ಬಿಗಿಹಿಡಿದಿದ್ದಳು.

ಪೊಲೀಸ ವ್ಯಾನು ಸುತ್ತಿ ಬಂದ. ಕಾಗದ ತಿರುವಿ ನೋಡಿದ. ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಕಾದ. ಯಾರೂ ಹೇಳದಿದ್ದಾಗ ಕಾಗದಗಳನ್ನು ಸೊಸೆಯ ಕೈಗಿಟ್ಟ.

“ಹಿಂದೆ ಬ್ರೇಕ್ ಲೈಟ್ ಒಂದು ಉರೀತಿಲ್ಲ. ಅದಕ್ಕೇ ನಿಲ್ಲಿಸಿದ್ದು. ಸರಿ ಮಾಡಿಸ್ಕೊಳ್ಳಿ, ಹೋಗಿ.”

ಅಷ್ಟೇ. ವ್ಯಾನು ಹೊರಟಿತು. ಇಷ್ಟೇ ಸಾಕಾಗಿತ್ತಲ್ಲ ಆವತ್ತೂ ಎಂಬುದು ಮೂವರ ಎದೆಯಲ್ಲೂ ಸುಳಿದಿರಬೇಕು. ಸೊಸೆ ಒಮ್ಮೆ ಮೂಗೊರೆಸಿಕೊಂಡಳು.

ಗಿರಾಕಿಯ ಬಾಗಿಲು ಬಂತು. ಅಪ್ಪ ಮಗ ಹೊಸ ಗಾಜನ್ನು ಇಳಿಸಿ, ಆಚೆ ಈಚೆ ಹಿಡಿದು ಎತ್ತಿದರು. ಮಧ್ಯಾಹ್ನದ ಬಿಸಿಲಿಗೆ ಗಾಜು ಇದ್ದೂ ಇಲ್ಲದ ಹಾಗಿತ್ತು. ಆ ಕಡೆ ಮಗನ ಮುಖ ನೀರಿನಷ್ಟು ಸ್ಪಷ್ಟ. ಹಣೆಯ ಹತ್ತಿರ ಕೂದಲು ನರೆತದ್ದನ್ನು ಅಜ್ಜ ಆಗ ನೋಡಿದ. ನಾಲ್ಕು ಹೆಜ್ಜೆ ಇಟ್ಟವನು ಅಂಗೈಯನ್ನು ಗಾಜಿಗೆ ಒತ್ತಿದ. ಮಗ ನಿಂತ.

“ಮಗಾ,” ಎಂದ ಅಜ್ಜ. “ನನ್ನಿಂದಾಯ್ತು.”

ಮಗ ಬೆಚ್ಚಿ ಗಾಜಿನ ಮೇಲಿನ ಮೂಲೆ ನೋಡಿದ, ಕೆಳಗಿನ ಮೂಲೆ ನೋಡಿದ, ಅಂಚಿನುದ್ದಕ್ಕೂ ಕಣ್ಣು ಹಾಯಿಸಿದ. ಎಲ್ಲೂ ಒಂದು ಗೀರೂ ಇರಲಿಲ್ಲ. ಆಮೇಲೆ ಅಪ್ಪನ ಮುಖ ನೋಡಿದ. ನೋಡುತ್ತಲೇ ಇದ್ದ.

ಗಾಜಿನಜ್ಜ “ಏನಾದ್ರೂ ಹೇಳೋ” ಎನ್ನಲಿಲ್ಲ. ಮಗ ತನ್ನ ತುದಿಯನ್ನು ಒಂದು ಬೆರಳಿನಷ್ಟು ಮೇಲೆತ್ತಿದ. ಭಾರ ಅಪ್ಪನ ಕೈಯಿಂದ ತುಸು ಅವನ ಕಡೆಗೆ ಸರಿಯಿತು. ಇಬ್ಬರೂ ಗಾಜು ಹಿಡಿದು ಬಾಗಿಲ ಕಡೆಗೆ ನಡೆದರು.