ಸಮುದ್ರ ಬಾವಿಯ ಸಿದ್ದವ್ವ

ನಾ ಸಿದ್ದವ್ವ. ಮದಲ ಹೇಳಿಬಿಡ್ತೇನಿ, ನಾ ಮೀನಲ್ಲ, ಏಡಿಯಲ್ಲ. ಸರ್ಕಾರ ಏನರ ಅನ್ಲಿ.

ನಮ್ಮೂರು ಇಂಗಳೇಶ್ವರದ ಮಗ್ಗಲಕ್ಕ. ಊರ ಬಾವಿ ಎಂಥಾ ಬ್ಯಾಸಗಿಗೂ ಬತ್ತಂಗಿಲ್ಲ, ಆವಾಗ ಅದರ ತಳ ಯಾರೂ ಮುಟ್ಟಿದ್ದಿಲ್ಲ. ಅದಕ್ಕ ಸಮುದ್ರ ಬಾವಿ ಅಂತ ಹೆಸರು. ಮದಿವ್ಯಾದ ವರ್ಷ ನನ್ನ ತವರಮನಿ ತಾಮ್ರದ ಕೊಡ ಹಗ್ಗ ಹರಕೊಂಡು ಅದರಾಗ ಬಿತ್ತು. ನಮ್ಮತ್ತಿ ರುಕ್ಮವ್ವ ನಂಬಲಿಲ್ಲ. "ಬಾವ್ಯಾಗೆಲ್ಲಿ ಬಿದ್ದೈತಿ? ಸದ್ದಿಲ್ಲದ ನಿಮ್ಮಣ್ಣನ ಮನಿಗೆ ಸಾಗಿಸೀದಿ, ಕಳ್ಳಿ" ಅಂದ್ಲು. ಹದಿನಾರು ವರ್ಷ ಅಂದ್ಲು. ರೊಟ್ಟಿ ಬಡ್ಯಾಕ ಕುಂತ್ರೂ ಅದ, ಹಬ್ಬಕ್ಕ ಬೀಗರು ಬಂದ್ರೂ ಅದ. ಕೊಕ್ಕಿಯ ಪಾತಾಳಗರಡಿ ಬಿಟ್ಟು ಜಾಲಾಡಿದ್ದಾತು, ಹಗ್ಗ ಸಾಲಲಿಲ್ಲ. ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನನ್ನ ಕಾಲ ಬಾವ್ಯಾಗ ಬಿದ್ದಿತ್ತು ನೋಡ್ರಿ.

ಎಪ್ಪತ್ತಾರನೇ ಇಸವಿ ಬ್ಯಾಸಗ್ಯಾಗ ಸಾಲಿಗೊಂದು ಸರ್ಕಾರದ ಕಾಗದ ಬಂತು. ಸಮುದ್ರದ ತಳದಾಗಿನ ಜೀವ ಉಳಸಬೇಕು, ಮುಳುಗು ಬಲ್ಲವರು ಪುಕ್ಕಟ ಇಳಿದು ಏನೇನ್ ಅದಾವು ಎಣಿಸಬೇಕು, ಯಾವ ಜೀವದ ಮನೀನೂ ಅಲುಗಾಡಸಬಾರದು ಅಂತ. ಕಾರವಾರದ ಕಡೆ ಹೋಗೂ ಕಾಗದ, ಹಾದಿ ತಪ್ಪಿ ಬಂದಿತ್ತು. ಬಸಂತರಾಯ ಮಾಸ್ತರರು ಕನ್ನಡಕ ಏರಿಸಿ, "ಸಮುದ್ರ ಐತೆಲ್ಲ ನಮ್ಮೂರಾಗ!" ಅಂದ್ರು.

ಮುಳುಗಾಕ ಬಂದಾಂವ ಅಬ್ದುಲರಜಾಕ. ಸುತ್ತ ಹತ್ತೂರ ಬಾವಿಗೆ ಬಿದ್ದ ಕೊಡ ತೆಗ್ಯಾಂವ. ನಮ್ಮ ಬಾವಿಗೆ ಮಾತ್ರ ಅವನ ಉಸಿರು ಸಾಲ್ತಿದ್ದಿಲ್ಲ. ಆವತ್ತು ಸರ್ಕಾರದ ಕೆಲಸ ಅಂತ ನಡಕ್ಕ ಬೀಸೂಕಲ್ಲು ಕಟಗೊಂಡ. ನಾಕು ಹಗ್ಗ ಗಂಟು ಹಾಕಿ ಮ್ಯಾಲ ಎಂಟು ಮಂದಿ ಹಿಡಿದ್ರು. "ರಜಾಕಣ್ಣಾ, ನನ್ನ ಕೊಡ ಸಿಕ್ಕರ ತಗೊಂಡು ಬಾರೋ ನಮ್ಮಪ್ಪಾ" ಅಂತ ಕೈ ಮುಗಿದೆ.

ಜಗ್ಗಿದಾಗೊಮ್ಮೆ ಏದುಸಿರಿನಾಗ ಒಂದ ಮಾತು. "ಮೀನಾ... ನಲವತ್ತು!" ಮಾಸ್ತರರು ಬರಕೊಂಡ್ರು. "ಏಡಿ... ಆರು!" ಬರಕೊಂಡ್ರು. ಮೂರನೇ ಸಲ ಕಣ್ಣು ಕೆಂಪ ಮಾಡ್ಕೊಂಡು ಬಂದು, "ಸಿದ್ದವ್ವ... ಒಂದು!" ಅಂದ. ಮಾಸ್ತರರು ತಲಿ ಎತ್ತಲಾರದ ಅದನ್ನೂ ಬರಕೊಂಡ್ರು.

ಅದು ನನ್ನ ಕೊಡ! ಕೊಡದ ಕಂಠಕ್ಕ ನಮ್ಮವ್ವ ಚುಕ್ಕಿ ಹೊಡಿಸಿ ನನ್ನ ಹೆಸರು ಹಾಕಿಸಿದ್ಲು. ಆ ಕತ್ತಲಾಗ ಅಂವ ಬೆರಳಾಡಿಸಿ ಓದಿದ್ದ.

"ತರಬೇಕಿತ್ತಲ್ಲೋ ಅಣ್ಣಾ!"

"ಹೆಂಗ ತರ್ಲಿ ತಂಗಿ? ಒಳಗ ಏಡಿ ಮರಿ ಮಾಡೇತಿ."

"ಅದು ಅದರ ಮನಿ. ಮುಟ್ಟಾಂಗಿಲ್ಲ" ಅಂದ್ರು ಮಾಸ್ತರರು.

"ಏಡಿಗೆ ಮನಿ ಆತು, ನನ್ನ ಮನಿ ಸುಟ್ಟ ಹೋತಲ್ರಿ!" ಅಂತ ಒದರಿದೆ. ಅತ್ತಿ ನಕ್ಕಳು. "ರಜಾಕಗ ನೀನ ಹೇಳಿಕೊಟ್ಟೀದಿ. ಕೊಡ ಮ್ಯಾಲ ಬರ್ಲಿ, ನಂಬ್ತೇನಿ."

ಪಟ್ಟಿ ಕಳಿಸಿದ ಎರಡು ತಿಂಗಳಿಗೆ ಉತ್ತರ ಬಂತು. ಮಾಸ್ತರರು ಬಾವಿ ಕಟ್ಟಿ ಮ್ಯಾಲ ನಿಂತು ಓದಿದ್ರು: "ತಾವು ಕಳಿಸಿದ ಪಟ್ಟಿಯಲ್ಲಿನ ಸಿದ್ದವ್ವ ಎಂಬ ಜೀವಿಯು ನಮ್ಮ ಯಾವ ಪುಸ್ತಕದಲ್ಲಿಯೂ ದಾಖಲಾಗಿಲ್ಲ. ಇಡೀ ದೇಶದಲ್ಲಿ ಇರುವುದು ಅದೊಂದೇ ಎಂದು ತೋರುತ್ತದೆ. ಮುಂದಿನ ಆದೇಶದವರೆಗೆ ಸದರಿ ಸಿದ್ದವ್ವನಿಗೆ ಯಾರೂ ತೊಂದರೆ ಕೊಡತಕ್ಕದ್ದಲ್ಲ."

ಮಂದಿ ಬಿದ್ದು ಬಿದ್ದು ನಕ್ರು. ಅತ್ತಿ ನಗಲಿಲ್ಲ. "ಅಂದ್ರ, ಸಿದ್ದವ್ವ ಬಾವ್ಯಾಗ ಐತಿ ಅಂತ ಸರ್ಕಾರನ ಒಪ್ಪೇತೇನ್ರಿ?"

"ಸಿಕ್ಕಾ ಬಿದ್ದೈತಲ್ರಿ, ರುಕ್ಮವ್ವಾರ" ಅಂತ ಮಾಸ್ತರರು ಕಾಗದದ ಮ್ಯಾಲಿನ ಸರ್ಕಾರದ ಮುದ್ರಿ ತೋರಿಸಿದ್ರು.

ಅತ್ತಿ ಸಿಕ್ಕಾದ ಮ್ಯಾಲ ಬೆರಳಾಡಿಸಿ ನೋಡಿದ್ಲು. ಹದಿನಾರು ವರ್ಷ ನಾ ಅತ್ತು ಹೇಳಿದ್ದು ನಂಬಲಾರದಾಕಿ, ಆ ನೀಲಿ ಸಿಕ್ಕಾ ನಂಬಿದ್ಲು. ನನಗ ಅಳುನೂ ಬಂತು, ಸಿಟ್ಟೂ ಬಂತು.

ಮರುದಿನ ನೀರಿಗೆ ಹೋದ್ರ ನನಗಿಂತ ಮದಲ ಅತ್ತಿ ಅಲ್ಲಿದ್ಲು. ಒಂದು ಮುಟಿಗಿ ಜ್ವಾಳ ಬಾವಿಗೆ ಚೆಲ್ಲಿ, ಬಗ್ಗಿ ಅಂದ್ಲು: "ಸಿದ್ದವ್ವಾ, ಸುಮ್ಮಸುಮ್ಮನ ನಿನ್ನ ಕಳ್ಳಿ ಮಾಡಿದ್ನಿ. ತಪ್ಪಾತವಾ."

ನಾ ಹಿಂದ ಖಾಲಿ ಕೊಡ ಹಿಡಕೊಂಡು ನಿಂತಿದ್ದೆ. ಆಕಿ ತಿರುಗಿ ನೋಡಲಿಲ್ಲ, ಉತ್ತರ ಬರ್ತೈತೇನೋ ಅನ್ನೂವಂಗ ಬಗ್ಗಿಕೊಂಡ ಇದ್ಲು. ಏಡಿಗೇನ್ ಮಾತು ಬರ್ತಾವ? ಅದಕ್ಕ ನಾನ ಅಂದೆ:

"ಇರ್ಲಿ ಬಿಡ್ರಿ, ಅತ್ತಿ."