ಮುನಿರತ್ನಮ್ಮ ಮತ್ತೆ ಮಡಿಲು ಕಟ್ಟಿದಳು

ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಬೆರಕೆ ಸೊಪ್ಪನ್ನು ಆವತಿಯ ಮುನಿರತ್ನಮ್ಮನಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ. ಆದರೆ ಆಕೆ ಸೊಪ್ಪು ಕಿತ್ತು ನಾಲ್ಕು ವರ್ಷವಾಗಿತ್ತು. ಮಗ ರವಿಶಂಕರನಿಗೆ ಏರ್‌ಪೋರ್ಟಿನಲ್ಲಿ ಲಗೇಜು ಗಾಡಿ ಓಡಿಸುವ ಕೆಲಸ ಸಿಕ್ಕಿತಲ್ಲ, ಅಂದಿನಿಂದ. ಅಂಥವನ ತಾಯಿ ಸೊಪ್ಪು ತುಂಬಲು ಸೆರಗನ್ನು ಮಡಿಲು ಕಟ್ಟಿಕೊಂಡು ಬದುವಿನಲ್ಲಿ ಬಗ್ಗಿದರೆ ಕಂಡವರು ಏನಂದಾರು? ಮನೆಗೆ ಬಿಳಿ ಅನ್ನ, ಹಪ್ಪಳ, ಬೇಕರಿ ಪಫ್ಫು ಬಂದವು. ಮಗನಿಗೆ ಹೊಟ್ಟೆಯೂ ಬಂತು. ಅದನ್ನು ನೋಡಿ ಆಕೆಗೆ ಹೆಮ್ಮೆಯೋ ಹೆಮ್ಮೆ.

ಬರುಬರುತ್ತಾ ಆ ಹೊಟ್ಟೆ ವಾರಕ್ಕೆರಡು ಸಲ ಕೆಡತೊಡಗಿತು. "ತೂಕ ತೊಂಬತ್ತಾರು. ಹೀಗೇ ಬಿಟ್ರೆ ಸಕ್ಕರೆ ಕಾಯಿಲೆ ಬರ್ಬೋದು" ಎಂದರು ಡಾಕ್ಟರು. ಮುನಿರತ್ನಮ್ಮನ ಗಂಡನನ್ನು ಕೊಂಡೊಯ್ದದ್ದು ಅದೇ ಕಾಯಿಲೆ.

ಮರುದಿನ ಆಶಾ ಕಾರ್ಯಕರ್ತೆ ವಾಣಿ ಬಂದಳು.

"ದೊಡ್ಡಮ್ಮ, ರವಿಗೆ ಊಟಕ್ಕೇನು ಕೊಡ್ತೀರಾ?"

"ರಾಜನ ಊಟ ಕಣಮ್ಮ. ಸೊಪ್ಪು ಸದೆ ಮನೆಗೇ ತರಲ್ಲ."

"ಅಲ್ಲೇ ಎಡವಿದ್ದು! ರೋಗ ತಡೆದು ನಮ್ ಮೈ ಕಾಯೋ ಕಾವಲು ಬಹಳಷ್ಟು ಇರೋದು ಕರುಳಲ್ಲೇ. ಬೊಜ್ಜು ಜಾಸ್ತಿ ಆದ್ರೆ ಕರುಳಿನ ಒಳಗೋಡೆ ಸಡಿಲ ಆಗಿ ಕಾವಲು ಕೆಡ್ಬೋದು."

"ಅದಕ್ಕೆ ಸೊಪ್ಪೇನು ಮಾಡ್ತದೆ?"

"ಸಿಹಿಕುಂಬಳ, ಕ್ಯಾರೆಟ್ಟು, ಪರಂಗಿ ಹಣ್ಣಿಗೆ ಆ ಬಣ್ಣ ಕೊಡೋದು ಕ್ಯಾರೊಟಿನಾಯ್ಡ್ ಅನ್ನೋ ಸತ್ವ. ಸೊಪ್ಪಲ್ಲೂ ಅದಿದೆ, ಹಸಿರಿನ ಹಿಂದೆ ಅವಿತಿರುತ್ತೆ. ಅದರಲ್ಲಿ ಕೆಲವು ಬಗೆ ಮೈಯಲ್ಲಿ ಎ ವಿಟಮಿನ್ ಆಗ್ತವೆ. ಕರುಳಿನ ಗೋಡೆಗೂ ಕಾವಲಿಗೂ ಅದು ಬೇಕೇ ಬೇಕು."

"ಹಂಗಾರೆ ಸೊಪ್ಪು ತಿಂದ್ರೆ ಬೊಜ್ಜು ಕರಗ್ತದಾ?"

"ಸುಳ್ಳು ಹೇಳಲ್ಲ ದೊಡ್ಡಮ್ಮ. ಬೊಜ್ಜಿರೋರ ಕರುಳಿಗೆ ಈ ಸತ್ವ ಒಳ್ಳೇದು ಮಾಡ್ಬೋದು ಅಂತಾರೆ, ಸಂಶೋಧನೆ ಇನ್ನೂ ನಡೀತಿದೆ. ಬರೀ ಸೊಪ್ಪಿಂದ ತೂಕ ಇಳಿಯಲ್ಲ. ನಡೀಬೇಕು, ಪಫ್ಫು ಬಿಡ್ಬೇಕು, ಡಾಕ್ಟ್ರ ಮಾತು ಕೇಳ್ಬೇಕು. ಸೊಪ್ಪು ಬೇಯಿಸಿ ಚೂರು ಎಣ್ಣೇಲಿ ಒಗ್ಗರಣೆ ಹಾಕಿದ್ರೆ ಸತ್ವ ಮೈಗೆ ಹತ್ತುತ್ತೆ."

"ಒಗ್ಗರಣೆ ಹಾಕೋದನ್ನ ನನಗೇ ಹೇಳ್ಕೊಡ್ತೀಯೇನೇ?"

ವಾಣಿ ನಕ್ಕಳು. "ನನಗೆ ಸತ್ವದ ಹೆಸರು ಗೊತ್ತು, ಸೊಪ್ಪಿನ ಹೆಸರು ಗೊತ್ತಿಲ್ಲ. ನಮ್ಮೂರ ಮಹಿಳಾ ಸಂಘದ ಹೆಂಗಸರಿಗೆ ನೀವೇ ತೋರಿಸ್ಬೇಕು."

ಮರುದಿನ ಬೆಳಗ್ಗೆ ಮುನಿರತ್ನಮ್ಮ ಮಡಿಲು ಕಟ್ಟಿ, ಬಸ್‌ಸ್ಟಾಪಿನ ಮುಂದೆಯೇ ನಡೆದಳು. ಅಲ್ಲಿ ನಿಂತಿದ್ದ ನೆರೆಮನೆಯ ಪಿಳ್ಳಮ್ಮ ಕೆಣಕಿದಳು: "ಏನೇ, ಏರ್‌ಪೋರ್ಟ್ ಸಂಬಳ ಸಾಲ್ದಾ?"

"ಸಂಬಳ ಸಾಲ್ತದೆ ಕಣೇ. ಸೊಪ್ಪು ಸಾಲ್ದು, ನೀನೂ ಬಾ!"

ಕಿತ್ತು ತಂದು ಸಂಘದ ಚಾಪೆಯ ಮೇಲೆ ಅಣ್ಣೆ, ಹೊನಗೊನೆ, ಗಣಿಕೆ, ಗೋಣಿ, ಕಿರಕಸಾಲೆ ಎನ್ನುತ್ತಾ ಹನ್ನೊಂದು ಸೊಪ್ಪು ಹರಡಿದಳು. "ಔಷಧಿ ಹೊಡ್ದಿರೋ ಹೊಲದತ್ರ ಕೀಳ್ಬೇಡಿ, ಗುರುತಿಲ್ಲದ್ದು ಮುಟ್ಬೇಡಿ" ಎಂದೂ ಹೇಳಿದಳು. ಹೆಂಗಸರು ಬರೆದುಕೊಂಡರು. ಓದು ಬಾರದ ಮುನಿರತ್ನಮ್ಮ ಅಂದು ಮೇಡಂ ಆದಳು.

ರವಿ ಅಮ್ಮ ಮಾಡಿದ ಸೊಪ್ಪು ತಿಂದ, ದಿನವೂ ನಡೆದ, ಪಫ್ಫು ಬಿಟ್ಟ, ಡಾಕ್ಟರು ಕೊಟ್ಟ ಔಷಧಿ ತಪ್ಪಿಸಲಿಲ್ಲ. ಆರು ತಿಂಗಳಿಗೆ ತೂಕ ಎಂಬತ್ತೊಂಬತ್ತಕ್ಕೆ ಬಂತು, ಹೊಟ್ಟೆಯೂ ಸುಧಾರಿಸಿತು. ಒಂದು ಮಧ್ಯಾಹ್ನ ಕೆಲಸದಿಂದ ಫೋನ್ ಮಾಡಿದ: "ಅಮ್ಮಾ, ನಿನ್ನ ಸೊಪ್ಪಿನ ಬಸ್ಸಾರಿಗೆ ಇಲ್ಲಿ ಕಿತ್ತಾಡ್ತಾವ್ರೆ. ನಾಳೆ ದೊಡ್ಡ ಡಬ್ಬಿ ಕೊಡು."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬದುವಿನಲ್ಲೂ ಸೊಪ್ಪಿದೆ, ಹಿತ್ತಲಲ್ಲಿ ಕುಂಬಳವಿದೆ. ದಿನವೂ ತಟ್ಟೆಗೆ ಹಸಿರು, ಕಿತ್ತಳೆ ಬಣ್ಣ ಬರಲಿ. ಈ ಸತ್ವದ ಅಂಗಡಿ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ನಾಳೆ ಬೆಳಗ್ಗೆ ನೀವೂ ಮಡಿಲು ಕಟ್ಟಿ, ತಲೆ ಎತ್ತಿ ನಡೆಯಿರಿ.