ನೆಲಮಾಳಿಗೆಯ ಅಕ್ಕ

ಕಾಂಕ್ರೀಟ್ ಪಂಪಿನ ಲಾರಿ ಬೀದಿಗೆ ಅಡ್ಡಲಾಗಿ ನಿಂತು ಆಗಲೇ ಬಹಳ ಹೊತ್ತಾಗಿತ್ತು. ಹಿಂದೆ ಸಿಕ್ಕಿಕೊಂಡ ಕಾರಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಈಗ ಬಾಯಲ್ಲೇ ಬೈಯತೊಡಗಿದ್ದರು. ಹೊಸ ಛಾವಣಿಗೆಂದು ಹಲಗೆ ಹಾಸಿದ ಸೆಂಟ್ರಿಂಗಿನ ಮೇಲೆ ನಿಂತ ಮೇಸ್ತ್ರಿ ಬಗ್ಗಿ ಕೂಗಿದ.

“ಯಜಮಾನ್ರೇ, ಕೆಳಗೆ ಯಾರೂ ಇಲ್ಲ ತಾನೇ? ಶುರು ಮಾಡಿದ್ಮೇಲೆ ಮಧ್ಯದಲ್ಲಿ ನಿಲ್ಸು ಅಂದ್ರೆ ಆಗಲ್ಲ. ಹಾಕಿದ್ದೆಲ್ಲ ಹಾಳು.”

“ಯಾರೂ ಇಲ್ಲ, ಹೊಡಿ,” ಎಂದ ಫ್ರಿಜ್ಜಣ್ಣ.

ಹಸಿ ಸುಳ್ಳು. ಕೆಳಗೆ ಅವನ ಅಕ್ಕ ಇದ್ದಳು.

ಊರಿನ ಫ್ರಿಜ್ಜುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದುದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಅಪ್ಪನ ಕಾಲದ ಮನೆ ಮೇಲೆಲ್ಲ ಶಿಥಿಲವಾಗಿದ್ದರೂ ನೆಲಮಾಳಿಗೆಯ ಕಲ್ಲುಗೋಡೆಗಳು ಜಪ್ಪಯ್ಯ ಅಂದರೂ ಅಲ್ಲಾಡುವಂತಿರಲಿಲ್ಲ. ಹಳೆಯದನ್ನು ಕೆಡವಿ, ಆ ಗೋಡೆಗಳ ಮೇಲೆಯೇ ಹೊಸ ಮನೆ ಎಬ್ಬಿಸಬಹುದೆಂದು ಎಂಜಿನಿಯರ್ ಹೇಳಿದ್ದೇ ತಡ, ಫ್ರಿಜ್ಜಣ್ಣ ಕೆಲಸಕ್ಕೆ ಕೈ ಹಾಕಿದ್ದ. ತೊಡಕು ಒಂದೇ. ಗಂಡನ ಮನೆ ಬಿಟ್ಟು ಬಂದ ದಿನದಿಂದ ಅಕ್ಕ ಆ ನೆಲಮಾಳಿಗೆಯಲ್ಲೇ ಹೊಲಿಗೆ ಮಷೀನು ಹಾಕಿಕೊಂಡು ಬದುಕುತ್ತಿದ್ದಳು. ಹಳೆಯ ಮರದ ಛಾವಣಿ ಕಿತ್ತಾಗ ತಲೆಯ ಮೇಲೆ ಟಾರ್ಪಾಲು ಕಟ್ಟಿಕೊಂಡು ಇದ್ದಳೇ ಹೊರತು ಜಾಗ ಬಿಟ್ಟು ಕದಲಲಿಲ್ಲ.

“ಹದಿನೈದು ದಿನ ಚಿಕ್ಕಮ್ಮನ ಮನೇಲಿ ಇದ್ದು ಬಾ,” ಎಂದು ಅವನು ಬಾಯಿ ನೋಯುವಷ್ಟು ಹೇಳಿದ್ದ. ಹೆಂಡತಿಯೂ ಹೇಳಿದ್ದಳು. ಪಾಪ, ಅವಳು ಮನಸ್ಸಿನಿಂದಲೇ ಹೇಳಿದ್ದಳು. ಫ್ರಿಜ್ಜಣ್ಣನ ಹೊಟ್ಟೆಯೊಳಗೆ ಇದ್ದದ್ದೇ ಬೇರೆ. ಅಕ್ಕ ಒಮ್ಮೆ ಆಚೆ ಕಾಲಿಟ್ಟರೆ ಸಾಕು, ಬಾಗಿಲಿಗೆ ಬೀಗ ಜಡಿದು ನೆಲಮಾಳಿಗೆಯನ್ನು ತನ್ನ ವರ್ಕ್‌ಶಾಪ್ ಮಾಡಿಕೊಳ್ಳುವುದೆಂದು ಅವನು ಎಂದೋ ನಿರ್ಧರಿಸಿಬಿಟ್ಟಿದ್ದ. ಚಿಕ್ಕಮ್ಮನ ಮನೆ ದೊಡ್ಡದು, ಅವಳಿಗೂ ಜೊತೆಯಾಗುತ್ತದೆ ಎಂದೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹೆಂಡತಿಯ ಕಿವಿಗೆ ಮಾತ್ರ ಇದನ್ನು ಹಾಕಿರಲಿಲ್ಲ. ಪಂಪಿನ ಸದ್ದಿಗೆ ಹೆದರಿಯಾದರೂ ಅಕ್ಕ ಎದ್ದು ಬರುತ್ತಾಳೆಂಬುದು ಅವನ ಇವತ್ತಿನ ಲೆಕ್ಕ.

ಪಂಪು ಒಂದು ಸಲ ಕೆಮ್ಮಿ ಗರ್ಜಿಸತೊಡಗಿತು. ಅವನು ಮೆಟ್ಟಿಲನ್ನು ಹಾರಿಕೊಂಡು ಕೆಳಗಿಳಿದ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಮೇಲಿನ ಹಲಗೆಗಳನ್ನು ಹೊತ್ತ ಕಬ್ಬಿಣದ ಜಾಕಿಗಳು ಸಾಲುಸಾಲಾಗಿ ನಿಂತಿದ್ದವು. ಅವುಗಳ ನಡುವೆ ದಾರ ಕಟ್ಟಿ ಅಕ್ಕ ಹೊಲಿದ ಯೂನಿಫಾರ್ಮುಗಳನ್ನು ನೇತುಹಾಕಿದ್ದಳು. ಆ ನೀಲಿ ಲಂಗಗಳನ್ನು ಸರಿಸಿಕೊಂಡು ಅವನು ಹೋದಾಗ ಅವಳು ತಲೆ ಎತ್ತದೆ ಕಾಜಾ ಹಾಕುತ್ತಿದ್ದಳು.

“ಅಕ್ಕ, ಏಳು. ಮೇಲೆ ಶುರು ಮಾಡಿದ್ದಾರೆ.”

“ಮಾಡ್ಲಿ. ಆನೆ ನಿಂತ್ರೂ ಏನೂ ಆಗಲ್ಲ ಅಂತ ಕಂಡೋರ ಹತ್ರ ಎಲ್ಲ ನೀನೇ ಕೊಚ್ಕೊಂಡೆಯಲ್ಲ ಪುಟ್ಟ. ಈಗ ನೋಡಿದ್ರೆ ನಿನ್ನ ಮುಖದಲ್ಲೇ ರಕ್ತ ಇಲ್ಲ.”

ನಲವತ್ತು ದಾಟಿದ ಅವನನ್ನು ಅವಳು ಈಗಲೂ ಪುಟ್ಟ ಎಂದೇ ಕರೆಯುವುದು. ಬೇರೆ ದಿನವಾಗಿದ್ದರೆ ಅವನಿಗೆ ರೇಗುತ್ತಿತ್ತು.

“ಗೋಡೆ ಗಟ್ಟಿ ಇದೆ. ಹಸಿ ಕಾಂಕ್ರೀಟು ಹಾಗಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಬಾ.”

“ಆಚೆ ಹೋದ್ರೆ ನನ್ನನ್ನ ಮತ್ತೆ ಒಳಗೆ ಬಿಡ್ತೀಯಾ? ನನ್ನ ಮುಖ ನೋಡಿ ಹೇಳು.”

ಅವನು ಮುಖ ನೋಡಲಿಲ್ಲ. ಎಲ್ಲಿ ನೋಡುವುದೆಂದು ತಿಳಿಯದೆ ಮೂಲೆಯ ಕಡೆ ಕಣ್ಣು ಹೊರಳಿಸಿದ. ಅಲ್ಲಿ ಬಟ್ಟೆ ಕತ್ತರಿಸುವ ಅಗಲವಾದ ಮೇಜು ಆರಾಮಾಗಿ ಕೂತಿತ್ತು. ಆ ಮೇಜು ಅಷ್ಟು ಆರಾಮಾಗಿ ಕೂರಲು ಸಾಧ್ಯವೇ ಇರಲಿಲ್ಲ.

“ಇಲ್ಲಿದ್ದ ಜಾಕಿ ಎಲ್ಲಿ?”

“ಮೇಜಿನ ಕೆಳಗಿದೆ. ಎರಡೇ ಎರಡು ತೆಗ್ದೆ. ಮೇಸ್ತ್ರಿ ನಿನ್ನೆ ನೋಡ್ಕೊಂಡು ಹೋದ್ಮೇಲೆ. ನಾಳೆ ಸ್ಕೂಲಿಗೆ ಬಟ್ಟೆ ಕೊಡ್ಬೇಕು, ಕತ್ತರಿಸೋಕೆ ಜಾಗ ಬೇಡ್ವಾ? ಇಷ್ಟೊಂದು ನಿಂತಿವೆಯಲ್ಲ, ಎರಡು ಇಲ್ದಿದ್ರೆ ಏನು...”

ಮೇಲೆ ಹೆಜ್ಜೆಗಳು ಧಬಧಬ ಎಂದವು. ಮೇಜಿನ ಮೇಲಿದ್ದ ಬಟ್ಟೆಗೆ ಸಿಮೆಂಟು ನೀರು ತೊಟತೊಟನೆ ಬಿತ್ತು. ಮೂಲೆಯ ಹಲಗೆ ಕಿರುಗುಟ್ಟಿ ಬೆರಳಿನಗಲ ಕೆಳಗೆ ಬಂತು.

“ನಿಲ್ಸ್ರೋ!” ಎಂದು ಅವನು ಗಂಟಲು ಹರಿಯುವಂತೆ ಅರಚಿದ. ಪಂಪಿನ ಸದ್ದಿನಲ್ಲಿ ತನ್ನ ದನಿ ತನಗೇ ಕೇಳಿಸಲಿಲ್ಲ.

ಇಬ್ಬರೂ ಸೇರಿ ಮೇಜನ್ನು ಎಳೆದರು. ಅವನು ಒಂದು ಜಾಕಿಯನ್ನು ಹಲಗೆಯ ಕೆಳಗೆ ನಿಲ್ಲಿಸಿ ಒಳಗಿನ ಕೊಳವೆಯನ್ನು ಮೇಲಕ್ಕೆ ಎಳೆದ. ತೂತಿಗೆ ಹಾಕುವ ಪಿನ್ನು ಮಾತ್ರ ಇರಲಿಲ್ಲ. ಅಕ್ಕ ನೆಲವನ್ನೆಲ್ಲ ತಡಕಾಡಿದಳು, ಬಟ್ಟೆಯ ಗಂಟುಗಳನ್ನು ಎಸೆದಳು, ಸಿಗಲಿಲ್ಲ. ಅವನು ಜೇಬಿನ ಸ್ಕ್ರೂಡ್ರೈವರನ್ನು ತೂರಿಸಿ ಜಾಕಿಯ ತಿರುಪನ್ನು ತಿರುಗಿಸಿದ. ಜಾಕಿ ಹಲಗೆಗೆ ತಾಗಿತು, ಆದರೆ ಸ್ಕ್ರೂಡ್ರೈವರು ಕಣ್ಣೆದುರೇ ಬಾಗತೊಡಗಿತು. ಆತುರದಲ್ಲಿ ಜಾಕಿಯೂ ಓರೆಯಾಗಿ ನಿಂತಿತ್ತು. ಕೈ ಬಿಟ್ಟರೆ ಜಾರುತ್ತದೆ. ಅವನು ಅದನ್ನು ಎದೆಗೆ ಒತ್ತಿ ಹಿಡಿದ.

“ಮೇಲೆ ಓಡು! ಪಂಪು ನಿಲ್ಸು ಅನ್ನು. ಈ ಮೂಲೆಗೆ ಹಾಕ್ಬೇಡಿ ಅನ್ನು!”

ಅಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ನೀಲಿ ಲಂಗಗಳ ನಡುವೆ ಮಾಯವಾದಳು.

ಅವನೊಬ್ಬನೇ ಉಳಿದ. ಪಂಪು ಗರ್ಜಿಸುತ್ತಲೇ ಇತ್ತು. ಸಿಮೆಂಟು ನೀರು ಹಣೆಯಿಂದ ಇಳಿದು ಕಣ್ಣಿಗೆ ಬಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಇಷ್ಟು ಹೊತ್ತಿಗೆ ಅವಳು ಮೆಟ್ಟಿಲು ಹತ್ತಿರಬೇಕು. ಇಷ್ಟು ಹೊತ್ತಿಗೆ ಮೇಸ್ತ್ರಿಗೆ ಹೇಳಿರಬೇಕು. ಪಂಪು ಯಾಕೆ ನಿಲ್ಲಲಿಲ್ಲ? ಹಲಗೆ ಇನ್ನೊಮ್ಮೆ ಕಿರುಗುಟ್ಟಿತು.

ಆಗ ಅವನಿಗೆ ಆ ಯೋಚನೆ ಬಂತು. ಅಕ್ಕ ಏನೂ ಮಾಡಬೇಕಾಗಿಲ್ಲ. ಸುಮ್ಮನೆ ನಿಧಾನವಾಗಿ ನಡೆದರೆ ಸಾಕು. ಮಂಡಿ ನೋವು, ಮೆಟ್ಟಿಲು ಕಡಿದು, ಯಾರು ತಾನೇ ಪ್ರಶ್ನೆ ಮಾಡುತ್ತಾರೆ? ಅವಳ ಜಾಗದಲ್ಲಿ ತಾನಿದ್ದಿದ್ದರೆ ಓಡುತ್ತಿದ್ದೆನೇ? ಉತ್ತರ ಹೊಳೆದದ್ದೇ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಳು ಬಂತು. ನಲವತ್ತು ದಾಟಿದ ಗಂಡಸು ಕಬ್ಬಿಣದ ಕಂಬ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಪಂಪು ನಿಂತಿತು.

ಮೆಟ್ಟಿಲ ಮೇಲೆ ಹಲವರ ಹೆಜ್ಜೆಗಳ ಸದ್ದು ಕೇಳಿತು. ಮೇಸ್ತ್ರಿ ಇಬ್ಬರು ಕೆಲಸದವರೊಡನೆ ಜಾಕಿ ಹೊತ್ತು ನುಗ್ಗಿದ. ಅವರೆಲ್ಲರಿಗಿಂತ ಮುಂದೆ ಅಕ್ಕ ಇದ್ದಳು. ಒಂದು ಕಾಲಿಗೆ ಚಪ್ಪಲಿಯಿರಲಿಲ್ಲ, ಮೊಣಕೈ ತರಚಿ ರಕ್ತ ಬರುತ್ತಿತ್ತು.

“ಯಾರೂ ಇಲ್ಲ ಅಂದ್ರಲ್ರೀ!” ಎಂದು ಮೇಸ್ತ್ರಿ ಬೆಂಕಿಯಾದ. ಯಜಮಾನರೆಂಬ ಮುಲಾಜೂ ಇಲ್ಲದೆ ಬಾಯಿಗೆ ಬಂದಂತೆ ಬೈಯುತ್ತಲೇ ಒಂದರ ಪಕ್ಕ ಒಂದು ಜಾಕಿ ನಿಲ್ಲಿಸಿ ಬಿಗಿ ಮಾಡಿದ. ಹಲಗೆ ನಿಧಾನವಾಗಿ ಮೇಲೆದ್ದು ಸಮವಾಯಿತು. “ಈಗ ಬಿಡಿ,” ಎಂದ. ಫ್ರಿಜ್ಜಣ್ಣನ ಬೆರಳುಗಳು ಬಿಡಲೇ ಇಲ್ಲ. ಅಕ್ಕನೇ ಒಂದೊಂದಾಗಿ ಬಿಡಿಸಬೇಕಾಯಿತು.

“ಅಕ್ಕ, ನೀನು ಆಚೆ ಹೋದ್ಮೇಲೆ ಬೀಗ ಹಾಕ್ಬಿಡ್ಬೇಕು ಅಂತಿದ್ದೆ,” ಎಂದ ಅವನು, ಅವಳಿಗಷ್ಟೇ ಕೇಳುವಂತೆ.

“ಗೊತ್ತು.”

“ಗೊತ್ತಿದ್ದೂ ಓಡಿದ್ಯಾ?”

“ಗೊತ್ತಿಲ್ದೆ ಓಡೋಕೆ ನಾನೇನು ಹೆಡ್ಡಿಯಾ?” ಎಂದು ಅವಳು ಸೆರಗಿನಿಂದ ಅವನ ಕಣ್ಣಿನ ಸಿಮೆಂಟು ಒರೆಸಿದಳು.

“ಇಬ್ರೂ ಆಚೆ ನಡೀರಿ, ಆಮೇಲೇ ಪಂಪು,” ಎಂದ ಮೇಸ್ತ್ರಿ. ಅಕ್ಕ ಈ ಸಲ ಕತ್ತರಿ ಎತ್ತಿಕೊಂಡು ಹೊರಟಳು.

ಬೀದಿಯಲ್ಲಿ ಅವನ ಹೆಂಡತಿ ಗಾಬರಿಯಿಂದ ಕಾಯುತ್ತಿದ್ದಳು. “ಅತ್ತಿಗೇನ ಚಿಕ್ಕಮ್ಮನ ಮನೆಗೆ ಬಿಟ್ಟು ಬರ್ತೀರಾ? ಆಟೋ ಕರೀಲಾ?” ಎಂದಳು.

ಅಕ್ಕ ಕತ್ತರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಬೇಡ,” ಎಂದ ಫ್ರಿಜ್ಜಣ್ಣ. “ಎರಡು ಕುರ್ಚಿ ತಗೊಂಡು ಬಾ. ಅಕ್ಕನ ಬಾಗಿಲ ಎದುರೇ ಹಾಕು. ಮೇಲಿನ ಕೆಲಸ ಮುಗಿದು, ಮೇಸ್ತ್ರಿ ಒಳಗೆ ಹೋಗಬಹುದು ಅನ್ನೋವರೆಗೂ ನಾವು ಇಲ್ಲೇ ಕೂತಿರ್ತೀವಿ.”